ಮನೆಮಂದಿಯ ಜೊತೆ ಕಡಲ ದಡದ ಹಕ್ಕಿ ನೋಡುವುದು ಹೇಗೆ?

ಕಾಡಿನಲ್ಲಿ ಹಕ್ಕಿ ನೋಡಲು ಹೋದವರು ಕೂಗಿನ ಹಿಂದೆ ಹಿಂದೆ ನಡೆಯುತ್ತಾರೆ. ಎಲ್ಲೋ ಎಲೆಯ ಮರೆಯಲ್ಲಿ ಕೂಗುತ್ತದೆ, ಕಾಣುವುದೇ ಇಲ್ಲ. ಅರ್ಧ ಗಂಟೆಯಲ್ಲಿ ಮಕ್ಕಳು ಮನೆಗೆ ಹೋಗೋಣ ಅನ್ನುತ್ತಾರೆ. ಕಡಲ ದಡದಲ್ಲಿ ಈ ತಾಪತ್ರಯ ಕಡಿಮೆ. ಇಲ್ಲಿ ಮರೆ ಇಲ್ಲ. ಹಕ್ಕಿಗಳು ಗುಂಪಾಗಿ ಬಯಲಲ್ಲೇ ಮೇಯುತ್ತವೆ. ಜೊತೆಗೆ, ಏರುವ ನೀರು ಅವುಗಳನ್ನು ತಾನಾಗಿಯೇ ದಡದ ಕಡೆಗೆ ತಳ್ಳಿಕೊಂಡು ಬರುತ್ತದೆ. ಆ ಹೊತ್ತಿಗೆ ನೀವು ಸರಿಯಾದ ಜಾಗದಲ್ಲಿ ಕೂತಿದ್ದರೆ ಆಯ್ತು. ಪುಟ್ಟ ಮಕ್ಕಳು, ಮಂಡಿ ನೋವಿನ ಹಿರಿಯರು ಇರುವ ಮನೆಗೆ ಇದು ಹೇಳಿ ಮಾಡಿಸಿದ ಹವ್ಯಾಸ.

ಆದ್ದರಿಂದ ಹಕ್ಕಿಗಳ ಹೆಸರು ಬಾಯಿಪಾಠ ಮಾಡುವ ಕೆಲಸ ಆಮೇಲಿರಲಿ. ಮೊದಲು ನೀರಿನ ವೇಳೆ ಕಲಿಯಿರಿ.

ನೀರು ಯಾವಾಗ ಏರುತ್ತದೆ ಅಂತ ನೋಡಿ

ಹೆಚ್ಚಿನ ತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಉಬ್ಬರದ ತುದಿಯಿಂದ ಇಳಿತದ ತುದಿಗೆ ಸುಮಾರು 6 ಗಂಟೆ 12 ನಿಮಿಷ. ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಷ್ಟರಲ್ಲಿ ಚಂದ್ರನೂ ತನ್ನ ದಾರಿಯಲ್ಲಿ ಸ್ವಲ್ಪ ಮುಂದೆ ಹೋಗಿರುತ್ತಾನಲ್ಲ, ಅದಕ್ಕೆ. ಈ ಲೆಕ್ಕ ಮರೆತವರು ಹೀಗೆ ಮೋಸ ಹೋಗುತ್ತಾರೆ: ಈ ಭಾನುವಾರ ಬೆಳಿಗ್ಗೆ 7ಕ್ಕೆ ನೀರು ತುಂಬಿತ್ತು, ಹಕ್ಕಿಗಳೂ ತುಂಬಿದ್ದವು. ಮುಂದಿನ ಭಾನುವಾರ ಅದೇ 7ಕ್ಕೆ ನೆಂಟರನ್ನೆಲ್ಲ ಕರೆದುಕೊಂಡು ಹೋದರೆ ನೀರು ಇಳಿದು ಎಲ್ಲೋ ದೂರದಲ್ಲಿರುತ್ತದೆ. ಹಕ್ಕಿಗಳು ಕೆಸರು ಬಯಲಿನ ಆ ತುದಿಯಲ್ಲಿ ಚುಕ್ಕಿಗಳಾಗಿ ಕಾಣುತ್ತವೆ. ದಿನಕ್ಕೆ 50 ನಿಮಿಷದಂತೆ ಏಳು ದಿನಕ್ಕೆ ಹತ್ತಿರ ಹತ್ತಿರ 6 ಗಂಟೆ. ಉಬ್ಬರ ಇದ್ದ ಹೊತ್ತಿಗೆ ಈಗ ಇಳಿತ.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ತುಂಬ ಮೇಲೆ ಬಂದು ತುಂಬ ಕೆಳಗೆ ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಮ್ಮಿ. ಮೆಡಿಟರೇನಿಯನ್, ಬಾಲ್ಟಿಕ್ ಥರದ ಸಮುದ್ರಗಳಲ್ಲಿ ಏರಿಳಿತವೇ ಗೊತ್ತಾಗದಷ್ಟು ಸಣ್ಣದು. ಅಂಥ ಕಡೆ ಬೆಳಗಿನ, ಸಂಜೆಯ ಹೊತ್ತೇ ನಿಮ್ಮ ವೇಳಾಪಟ್ಟಿ. ಉಳಿದ ಕಡೆ ಹತ್ತಿರದ ಬಂದರಿನ ಉಬ್ಬರ-ಇಳಿತದ ಪಟ್ಟಿ ನೋಡಿ. ಮೊಬೈಲ್ ಆ್ಯಪ್‌ಗಳಲ್ಲೂ ಸಿಗುತ್ತದೆ. ಒಂದು ಮಾತು ನೆನಪಿರಲಿ. ಪಟ್ಟಿಯಲ್ಲಿರುವುದು ಆ ಬಂದರಿನ ವೇಳೆ. ನೀವು ನದಿಯ ಅಳಿವೆಯಿಂದ ಒಳಗೆ ಹೋದಷ್ಟೂ ಉಬ್ಬರ ತಡವಾಗಿ ಮುಟ್ಟುತ್ತದೆ.

ಹೋಗಬೇಕಾದ್ದು ನೀರು ಏರುತ್ತಿರುವಾಗ. ಉಬ್ಬರದ ತುದಿಗೆ ಎರಡು-ಮೂರು ಗಂಟೆ ಮೊದಲೇ ಹೋಗಿ ಕೂತುಬಿಡಿ. ಮೊದಮೊದಲು ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ನೀರು ಕೆಸರಿನ ಸಣ್ಣ ಸಣ್ಣ ಕಾಲುವೆಗಳಲ್ಲಿ ಸದ್ದಿಲ್ಲದೆ ಹರಿದು ಬರುತ್ತದೆ. ದೂರದ ಚುಕ್ಕಿಗಳ ಕಾಲಿಗೆ ನೀರು ಮುಟ್ಟಿದ ಹಾಗೆ ಅವು ಹಾರಿ ಸ್ವಲ್ಪ ಈಚೆ ಇಳಿಯುತ್ತವೆ. ಮತ್ತೆ ನೀರು, ಮತ್ತೆ ಈಚೆ. ಕೊನೆಯ ಒಂದೂವರೆ ಗಂಟೆಯಲ್ಲಿ ಮೇಯಲು ಉಳಿದಿರುವುದು ದಡದ ಅಂಚಿನ ಒಂದು ಪಟ್ಟಿ ಮಾತ್ರ. ಎಲ್ಲ ಹಕ್ಕಿಗಳೂ ಅಲ್ಲೇ ಸೇರುತ್ತವೆ. ಉಬ್ಬರ ತುಂಬಿದ ಮೇಲೆ ಮರಳ ದಿಬ್ಬದಲ್ಲೋ ಬಂಡೆಯ ಮೇಲೋ ಒತ್ತೊತ್ತಾಗಿ ನಿಂತು ನಿದ್ದೆ ಮಾಡುತ್ತವೆ. ಎಣಿಸಲು ಅದು ಒಳ್ಳೆಯ ಹೊತ್ತು, ಹತ್ತಿರ ಹೋಗಲು ಅಲ್ಲ.

ಕೂರುವ ಜಾಗ

ಉದ್ದಕ್ಕೂ ಹರಡಿದ ಅಚ್ಚುಕಟ್ಟಾದ ಮರಳ ತೀರ ಕಣ್ಣಿಗೆ ಚಂದ, ಹಕ್ಕಿಗೆ ಅಷ್ಟೇನೂ ಅಲ್ಲ. ಅಲೆಯಂಚಿನಲ್ಲಿ ಓಡಾಡುವ ಸ್ಯಾಂಡರ್ಲಿಂಗ್ ಎಂಬ ಪುಟ್ಟ ಹಕ್ಕಿ, ಗಲ್ ಎಂಬ ಕಡಲ ಹಕ್ಕಿ ಒಂದಿಷ್ಟು ಸಿಕ್ಕರೆ ಹೆಚ್ಚು. ಹುಳ, ಚಿಪ್ಪು, ಏಡಿ ತುಂಬಿರುವುದು ಕೆಸರಿನಲ್ಲಿ. ನದಿ ಕಡಲಿಗೆ ಸೇರುವ ಅಳಿವೆ, ಹಿನ್ನೀರಿನ ಬಯಲು, ಮ್ಯಾಂಗ್ರೋವ್ ಗಿಡಗಳ ಅಂಚು, ಉಪ್ಪಿನ ಮಡಿ, ಇಂಥವನ್ನು ಹುಡುಕಿ. ವಾಸನೆ ಸ್ವಲ್ಪ ಜಾಸ್ತಿ ಇದ್ದರೆ ಮೂಗು ಮುಚ್ಚಿಕೊಂಡು ವಾಪಸ್ ಬರಬೇಡಿ. ಸಾಮಾನ್ಯವಾಗಿ ಅದೇ ಒಳ್ಳೆಯ ಜಾಗ.

ಸೂರ್ಯ ನಿಮ್ಮ ಬೆನ್ನಿಗಿರಲಿ. ಪೂರ್ವಕ್ಕೆ ಮುಖ ಮಾಡಿದ ತೀರದಲ್ಲಿ ಬೆಳಿಗ್ಗೆ ಕೂತರೆ ಎದುರು ಬಿಸಿಲಿಗೆ ಎಲ್ಲ ಹಕ್ಕಿಯೂ ಕಪ್ಪು ನೆರಳಾಗಿಯೇ ಕಾಣುತ್ತದೆ. ಅಲ್ಲಿಗೆ ಮಧ್ಯಾಹ್ನದ ಮೇಲೆ ಹೋಗಿ. ಪಶ್ಚಿಮದ ತೀರಕ್ಕೆ ಬೆಳಿಗ್ಗೆ ಹೋಗಿ. ಹಾಗಾದರೆ ಬೇಕಾದ್ದು ಎರಡು: ಬೆಳಕಿನ ದಿಕ್ಕು ಮತ್ತು ಏರುವ ನೀರು ಎರಡೂ ಕೂಡಿಬರುವ ದಿನ. ತಿಂಗಳಲ್ಲಿ ಅಂಥ ದಿನ ನಾಲ್ಕಾರು ಸಿಕ್ಕೇ ಸಿಗುತ್ತವೆ. ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿಡಿ.

ಬೆನ್ನ ಹಿಂದೆ ಗಿಡವೋ ಗೋಡೆಯೋ ದೋಣಿಯೋ ಇರಲಿ. ಖಾಲಿ ಆಕಾಶಕ್ಕೆ ಎದುರಾಗಿ ನಿಂತ ಮನುಷ್ಯ ಹಕ್ಕಿಗೆ ಬಲು ದೂರದಿಂದಲೇ ಕಾಣುತ್ತಾನೆ. ಬಟ್ಟೆ ಮಾಸಲು ಬಣ್ಣದ್ದಿರಲಿ, ಗಾಳಿಗೆ ಪಟಪಟ ಹೊಡೆದುಕೊಳ್ಳುವಂಥದ್ದು ಬೇಡ. ಹಿರಿಯರಿಗೆ ಮಡಚುವ ಕುರ್ಚಿ ಒಯ್ಯಿರಿ. ಟೋಪಿ, ಕುಡಿಯುವ ನೀರು, ಬಿಸಿಲಿನ ಕ್ರೀಮು ಇವೆಲ್ಲ ನಾನು ಹೇಳಬೇಕಾಗಿಲ್ಲ. ನೀರಿನಿಂದ ಮೇಲಕ್ಕೆ ಹೊಡೆಯುವ ಬಿಸಿಲು ಟೋಪಿಯ ಕೆಳಗೂ ಮುಖ ಸುಡುತ್ತದೆ ಅನ್ನುವುದಷ್ಟೇ ಹೆಚ್ಚಿನ ಮಾತು.

ಬೈನಾಕ್ಯುಲರ್

ಮನೆಗೆ ಒಂದೇ ಕೊಳ್ಳುವುದಾದರೆ 8×42 ಕೊಳ್ಳಿ. 8 ಅಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಗಾಜು ಅಗಲ ಇದ್ದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ. ಹತ್ತು ಪಟ್ಟಿನದು ಕೊಂಡರೆ ಇನ್ನೂ ಚೆನ್ನಾಗಿ ಕಾಣಬಹುದು ಅಂತ ಆಸೆ ಆಗುವುದು ಸಹಜ. ಆದರೆ ಕೈ ನಡುಗುವುದೂ ಹತ್ತು ಪಟ್ಟು ಕಾಣುತ್ತದೆ. ಕಡಲ ಗಾಳಿಯಲ್ಲಿ ನಿಂತು ನೋಡಿದವರಿಗೆ ಇದು ಚೆನ್ನಾಗಿ ಗೊತ್ತು.

ಮಕ್ಕಳ ವಿಷಯ ಬೇರೆ. ಅವರ ಎರಡು ಕಣ್ಣುಗಳ ನಡುವಿನ ಅಂತರ ಕಡಿಮೆ. ಬೈನಾಕ್ಯುಲರನ್ನು ನಡುವೆ ಪೂರ್ತಿ ಮಡಚಿದರೂ ಎರಡು ಗುಂಡು ಚಿತ್ರ ಬೇರೆ ಬೇರೆಯಾಗಿಯೇ ಕಾಣುತ್ತಿದ್ದರೆ ಅದು ಅವರ ಮುಖಕ್ಕೆ ಆಗುವುದಿಲ್ಲ. 6×30 ಅಥವಾ ಹಗುರವಾದ 8×30 ಅವರಿಗೆ ಸರಿ. ಆಟಿಕೆಯ ಬೈನಾಕ್ಯುಲರ್ ಮಾತ್ರ ಕೊಡಬೇಡಿ. ಅದರಲ್ಲಿ ಏನೂ ಕಾಣುವುದಿಲ್ಲ. ತಪ್ಪು ತನ್ನದೇ ಅಂದುಕೊಂಡು ಮಗು ಹಕ್ಕಿ ನೋಡುವುದನ್ನೇ ಬಿಟ್ಟುಬಿಡುತ್ತದೆ.

ಮೊದಲ ಸಲ ಬಳಸುವಾಗ ಹೊಂದಿಸುವುದು ಹೀಗೆ. ಕನ್ನಡಕ ಹಾಕುವವರು ಕಣ್ಣಿನ ಬಳಿಯ ರಬ್ಬರ್ ಬಟ್ಟಲನ್ನು ಒಳಗೆ ತಿರುಗಿಸಿಕೊಳ್ಳಬೇಕು, ಹಾಕದವರು ಹೊರಗೆ. ಬಲಗಡೆಯ ಗಾಜನ್ನು ಮುಂದಿನಿಂದ ಕೈಯಲ್ಲಿ ಮುಚ್ಚಿ, ದೂರದ ಒಂದು ಫಲಕದ ಅಕ್ಷರಗಳನ್ನು ಎಡಗಣ್ಣಿನಿಂದ ನೋಡುತ್ತಾ ನಡುವಿನ ಚಕ್ರ ತಿರುಗಿಸಿ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡಗಡೆ ಮುಚ್ಚಿ. ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಬಳಿ ಇರುವ ಸಣ್ಣ ಬಳೆಯನ್ನು ತಿರುಗಿಸಿ ಅದೇ ಅಕ್ಷರ ಸ್ಪಷ್ಟ ಮಾಡಿ. ಆ ಬಳೆ ಎಲ್ಲಿ ನಿಂತಿತು ಅಂತ ನೆನಪಿಡಿ. ಅಷ್ಟೇ. ಇನ್ನು ಮುಂದೆ ನಡುವಿನ ಚಕ್ರವೊಂದೇ ಸಾಕು. ಇದನ್ನು ಮಾಡದೆ ವರ್ಷಗಟ್ಟಲೆ ಮಸುಕು ಮಸುಕಾಗಿ ನೋಡುವವರು ಬೇಕಾದಷ್ಟು ಜನ ಇದ್ದಾರೆ.

ಹಕ್ಕಿಯನ್ನು ಹಿಡಿಯುವ ವಿದ್ಯೆ ಇನ್ನೊಂದು. ಬೈನಾಕ್ಯುಲರ್ ಕಣ್ಣಿಗೆ ಹಿಡಿದುಕೊಂಡು ಹಕ್ಕಿ ಹುಡುಕಬಾರದು. ಬರಿಗಣ್ಣಲ್ಲಿ ಹಕ್ಕಿಯನ್ನು ನೋಡುತ್ತಲೇ, ದೃಷ್ಟಿ ಕದಲಿಸದೆ, ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ. ಮಕ್ಕಳಿಗೆ ಇದನ್ನು ಮನೆಯ ಕಿಟಕಿಯಿಂದಲೇ ಅಭ್ಯಾಸ ಮಾಡಿಸಿ. ಸೂರ್ಯನ ಕಡೆಗೆ ಮಾತ್ರ ಎಂದೆಂದೂ ತಿರುಗಿಸಬಾರದು, ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಇದನ್ನು ಬೈನಾಕ್ಯುಲರ್ ಕೈಗೆ ಕೊಡುವ ಮೊದಲೇ ಹೇಳಿ.

ಗಾಜಿಗೆ ಉಪ್ಪು ನೀರು ಸಿಡಿದಾಗ ಅಂಗಿಯ ತುದಿಯಲ್ಲಿ ಒರೆಸುವ ಚಾಳಿ ನಮಗೆಲ್ಲ ಇದೆ. ಮರಳು, ಉಪ್ಪಿನ ಹರಳು ಗಾಜನ್ನು ಗೀಚಿಬಿಡುತ್ತವೆ. ಮೊದಲು ಊದಿ, ಮೆತ್ತನೆಯ ಬ್ರಷ್‌ನಲ್ಲಿ ಮರಳು ತೆಗೆದು, ಆಮೇಲೆ ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ.

ಯಾರಿಗೆ ಯಾವ ಕೆಲಸ

ಮೂರು ಜನ ಇರಲಿ, ಆರು ಜನ ಇರಲಿ, ಎಲ್ಲರಿಗೂ ಒಂದು ಕೆಲಸ ಬೇಕು. ಒಬ್ಬರು ಹಕ್ಕಿ ಕಂಡುಹಿಡಿಯುವವರು, ಒಬ್ಬರು ಎಣಿಸುವವರು, ಒಬ್ಬರು ಬರೆಯುವವರು. ಕಾಲು ಗಂಟೆಗೊಮ್ಮೆ ಬದಲಾಯಿಸಿ. ಬೈನಾಕ್ಯುಲರ್‌ಗಾಗಿ ಅಣ್ಣ-ತಂಗಿಯರ ಜಗಳ ಅರ್ಧ ಇದರಿಂದಲೇ ತೀರುತ್ತದೆ. ಇನ್ನರ್ಧಕ್ಕೆ ಇನ್ನೊಂದು ಬೈನಾಕ್ಯುಲರ್ ಕೊಳ್ಳುವುದೇ ಮದ್ದು.

ದೊಡ್ಡವರಲ್ಲಿ ಒಬ್ಬರು ಮಾತ್ರ ಬೈನಾಕ್ಯುಲರ್ ಹಿಡಿಯದೆ ಇರಲೇಬೇಕು. ಅವರ ಕಣ್ಣು ಮಕ್ಕಳ ಮೇಲೆ ಮತ್ತು ನೀರಿನ ಮೇಲೆ. ಎಲ್ಲರೂ ದೂರದ ಹಕ್ಕಿ ನೋಡುತ್ತಿರುವಾಗ ಹತ್ತಿರದ ಮಗು ಎತ್ತ ಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಈ ಕೆಲಸವನ್ನೂ ಸರದಿಯಲ್ಲಿ ಹಂಚಿಕೊಳ್ಳಿ. ಇಲ್ಲದಿದ್ದರೆ ಅದು ಅಮ್ಮನ ತಲೆಗೇ ಬರುತ್ತದೆ, ಅಲ್ವಾ?

ಹಕ್ಕಿ ತೋರಿಸುವುದಕ್ಕೂ ಒಂದು ಪದ್ಧತಿ ಮಾಡಿಕೊಳ್ಳಿ. "ಅಲ್ಲಿ, ಅಲ್ಲಿ ನೋಡೋ" ಅಂತ ಕೈ ತೋರಿಸಿದರೆ ಪಕ್ಕದವರಿಗೆ ಬೆರಳಷ್ಟೇ ಕಾಣುತ್ತದೆ. ಎದುರಿಗಿರುವ ಒಂದು ಬಂಡೆಯನ್ನೋ ಕಂಬವನ್ನೋ ಗಡಿಯಾರದ 12 ಅಂತ ಇಟ್ಟುಕೊಳ್ಳಿ. "ಎರಡು ಗಂಟೆ ಕಡೆ, ನೀರಿನಂಚಿನಲ್ಲಿ" ಅಂದರೆ ಎಲ್ಲರೂ ಒಂದೇ ಜಾಗ ನೋಡುತ್ತಾರೆ. ದೋಣಿಯನ್ನು ಗುರುತಿಗೆ ಇಟ್ಟುಕೊಳ್ಳಬೇಡಿ. ಲಂಗರು ಹಾಕಿದ ದೋಣಿಯೂ ನೀರು ಏರಿದ ಹಾಗೆ ಸುತ್ತಿಕೊಳ್ಳುತ್ತದೆ.

ಚಿಕ್ಕ ಮಕ್ಕಳಿದ್ದರೆ ಒಂದೂವರೆ ಗಂಟೆ ಸಾಕು. ಇನ್ನೂ ಇರೋಣ ಅಂತ ಅವರು ಹೇಳುತ್ತಿರುವಾಗಲೇ ಎದ್ದು ಬನ್ನಿ. ಮುಂದಿನ ಸಲ ಅವರೇ ಹೊರಡಿಸುತ್ತಾರೆ.

ಹೆಸರು ಕೇಳುವ ಮೊದಲು, ಏನು ಮಾಡುತ್ತಿದೆ ನೋಡಿ

ಇದೇ ಈ ಹವ್ಯಾಸದ ಸಾರ ಅಂತ ನನ್ನ ಅಭಿಪ್ರಾಯ. ಹಕ್ಕಿ ಕಂಡ ತಕ್ಷಣ ಪುಸ್ತಕ ತೆಗೆದು ಹೆಸರು ಹುಡುಕಲು ಕೂತರೆ, ತಲೆ ಎತ್ತುವಷ್ಟರಲ್ಲಿ ಹಕ್ಕಿ ಹೋಗಿರುತ್ತದೆ. ಗೊರವಗಳು, ಅಂದರೆ ಕೆಸರು ಬಯಲಿನಲ್ಲಿ ನಡೆದಾಡುತ್ತಾ ಮೇಯುವ ಹಕ್ಕಿಗಳಂತೂ ಚಳಿಗಾಲದಲ್ಲಿ ಎಲ್ಲವೂ ಬೂದು-ಕಂದು. ಪಳಗಿದವರೇ ತಲೆ ಕೆರೆದುಕೊಳ್ಳುತ್ತಾರೆ. ಬಣ್ಣ ಬಿಡಿ, ನಡತೆ ನೋಡಿ. ಒಂದು ಹಕ್ಕಿ ಆರಿಸಿಕೊಂಡು ಎರಡು ನಿಮಿಷ ಅದನ್ನೇ ನೋಡಿ, ಬೇರೆ ಯಾವುದನ್ನೂ ಅಲ್ಲ.

ಪ್ಲೋವರ್ ಸಿಕ್ಕಿತು ಅಂತಿಟ್ಟುಕೊಳ್ಳಿ. ಗುಂಡು ತಲೆ, ಗಿಡ್ಡ ಕೊಕ್ಕು, ಮುಖಕ್ಕೆ ಮೀರಿದ ದೊಡ್ಡ ಕಣ್ಣು. ನಾಲ್ಕು ಹೆಜ್ಜೆ ಓಡುತ್ತದೆ. ಗಕ್ಕನೆ ನಿಲ್ಲುತ್ತದೆ. ಅಲ್ಲಾಡದೆ ನೋಡುತ್ತದೆ. ಎಲ್ಲೋ ಕೆಸರಿನ ಮೇಲೆ ಏನೋ ಮಿಸುಕಿದರೆ ಒಂದೇ ಏಟಿಗೆ ಬಾಗಿ ಹೆಕ್ಕುತ್ತದೆ. ಹುಳ ಉದ್ದವಾಗಿದ್ದರೆ ತುಂಡಾಗದ ಹಾಗೆ ಹದವಾಗಿ ಎಳೆಯುತ್ತದೆ, ಸಡಿಲ ಬಿಡುತ್ತದೆ, ಮತ್ತೆ ಎಳೆಯುತ್ತದೆ. ಕೆಲವೊಮ್ಮೆ ಒಂದೇ ಕಾಲನ್ನು ಒದ್ದೆ ಮರಳಿನ ಮೇಲೆ ಪಟಪಟ ನಡುಗಿಸುತ್ತದೆ. ಒಳಗಿನ ಜೀವಿಗಳು ಅಲುಗಾಡಿದರೆ ಅದರ ಕಣ್ಣಿಗೆ ಬೀಳುತ್ತವೆ. ಇದು ಕಣ್ಣಿನಿಂದ ಬೇಟೆಯಾಡುವ ಹಕ್ಕಿ. ದೊಡ್ಡ ಕಣ್ಣು ಯಾಕೆ ಅಂತ ಮಕ್ಕಳೇ ಹೇಳುತ್ತಾರೆ.

ಅದರ ಪಕ್ಕದಲ್ಲೇ ಸ್ಯಾಂಡ್‌ಪೈಪರ್‌ಗಳು ತಲೆಯನ್ನೇ ಎತ್ತದೆ ಕೆಸರು ಚುಚ್ಚುತ್ತಾ ಹೋಗುತ್ತಿರುತ್ತವೆ. ಇವಕ್ಕೆ ಕಣ್ಣಿಗಿಂತ ಕೊಕ್ಕಿನ ತುದಿಯೇ ಮುಖ್ಯ. ಈ ಬಳಗದ ರೆಡ್ ನಾಟ್ ಎಂಬ ಹಕ್ಕಿಯ ಕೊಕ್ಕಿನ ತುದಿಯಲ್ಲಿ ಒತ್ತಡ ತಿಳಿಯುವ ಸೂಕ್ಷ್ಮ ಅಂಗಗಳಿವೆ ಅಂತ 1998ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ತೋರಿಸಿಕೊಟ್ಟರು. ಒದ್ದೆ ಮರಳಿಗೆ ಕೊಕ್ಕು ಚುಚ್ಚಿದಾಗ ಕಣಗಳ ನಡುವಿನ ನೀರು ಒತ್ತುತ್ತದೆ. ಹತ್ತಿರದಲ್ಲಿ ಗಟ್ಟಿ ಚಿಪ್ಪು ಹೂತಿದ್ದರೆ ಆ ಒತ್ತಡ ಬೇರೆ ಥರ ಇರುತ್ತದೆ. ಚಿಪ್ಪನ್ನು ಮುಟ್ಟದೆಯೇ ಅದು ಎಲ್ಲಿದೆ ಅಂತ ಹಕ್ಕಿಗೆ ಗೊತ್ತಾಗುತ್ತದೆ! ಆಮೇಲೆ ಚಿಪ್ಪಿನ ಸಮೇತ ನುಂಗಿ ಹೊಟ್ಟೆಯೊಳಗೇ ಪುಡಿ ಮಾಡುತ್ತದೆ.

ಇನ್ನು ಕರ್ಲ್ಯೂ, ವಿಂಬ್ರೆಲ್‌ಗಳ ಬಾಗಿದ ಉದ್ದ ಕೊಕ್ಕು. ಏಡಿಯ ಬಿಲಕ್ಕೆ ಕೊಕ್ಕು ಇಳಿಸಿ, ತಲೆ ಓರೆ ಮಾಡಿ, ಬಿಲದ ತಿರುವಿಗೆ ಸರಿಯಾಗಿ ತಿರುಗಿಸುತ್ತದೆ. ಏಡಿ ಸಿಕ್ಕಿತೋ, ಜಾಡಿಸಿ ಜಾಡಿಸಿ ಕಾಲುಗಳನ್ನು ಉದುರಿಸುತ್ತದೆ. ಕೆಸರಾಗಿದ್ದರೆ ನೀರಿನಲ್ಲಿ ಅದ್ದಿ ತೊಳೆದು, ಕೊಕ್ಕಿನ ತುದಿಯಿಂದ ಗಂಟಲಿನವರೆಗೆ ಎಗರಿಸಿ ನುಂಗುತ್ತದೆ. ಅಷ್ಟುದ್ದ ಕೊಕ್ಕನ್ನು ಪೂರ್ತಿ ತೆರೆಯದೆ ತುದಿಯನ್ನಷ್ಟೇ ತೆರೆಯಲು ಇವಕ್ಕೆ ಬರುತ್ತದೆ. ಕೆಸರಿನೊಳಗೆ ಇಡೀ ಬಾಯಿ ತೆರೆಯಲು ಜಾಗವೆಲ್ಲಿ?

ಹೀಗೆ ಗಿಡ್ಡ ಕೊಕ್ಕಿನವು ಮೇಲಿನದನ್ನು, ಮಧ್ಯಮದವು ಸ್ವಲ್ಪ ಒಳಗಿನದನ್ನು, ಉದ್ದ ಕೊಕ್ಕಿನವು ಆಳದ್ದನ್ನು ತಿನ್ನುತ್ತವೆ. ನೂರಾರು ಹಕ್ಕಿಗಳು ಒಂದೇ ಕಡೆ ಮೇಯ್ದರೂ ಅಷ್ಟಾಗಿ ಜಗಳ ಇಲ್ಲದಿರುವುದು ಇದರಿಂದ. ಬಂಡೆಗಳಿರುವ ಕಡೆ ಟರ್ನ್‌ಸ್ಟೋನ್ ಇರುತ್ತದೆ. ಕಲ್ಲು, ಪಾಚಿ ಮಗುಚಿ ಅಡಿಯಲ್ಲಿರುವುದನ್ನು ತಿನ್ನುವುದೇ ಅದರ ಕಸುಬು.

ನಡತೆ ನೋಡಿ ಆದಮೇಲೆ ಗುರುತಿಗೆ ಬೇಕಾದ್ದನ್ನು ಬರೆದುಕೊಳ್ಳಿ. ನಿಮಗೆ ಗೊತ್ತಿರುವ ಯಾವ ಹಕ್ಕಿಯಷ್ಟು ದೊಡ್ಡದು? ಕೊಕ್ಕು ತಲೆಗಿಂತ ಉದ್ದವೋ ಗಿಡ್ಡವೋ? ಕಾಲಿನ ಬಣ್ಣ? ಹಾರಿದಾಗ ರೆಕ್ಕೆಯಲ್ಲಿ ಬಿಳಿ ಪಟ್ಟಿ ಕಂಡಿತೇ, ಬಾಲದ ಬುಡ ಬೆಳ್ಳಗಿತ್ತೇ? ಕೂಗು ಹೇಗಿತ್ತು? ಒಂದು ಒರಟು ಚಿತ್ರ ಬರೆದು ಬಾಣ ಹಾಕಿ ಇವನ್ನೆಲ್ಲ ಬರೆದಿಟ್ಟರೆ ಸಾಕು. ಮಕ್ಕಳ ಚಿತ್ರ ಸೊಟ್ಟಗಿದ್ದರೂ ಕಾಲಿನ ಬಣ್ಣ ಸರಿಯಾಗಿರುತ್ತದೆ. ಹೆಸರು ಸಿಗದಿದ್ದರೆ "ಸಣ್ಣ ಗೊರವ, ಜಾತಿ ತಿಳಿಯಲಿಲ್ಲ" ಅಂತಲೇ ಬರೆಯಿರಿ. ಊಹಿಸಿ ಹೆಸರು ಹಾಕುವುದಕ್ಕಿಂತ ಅದು ಎಷ್ಟೋ ಮೇಲು.

ದೊಡ್ಡ ಹಕ್ಕಿಗಳು ಸುಲಭ, ಮೊದಲ ದಿನವೇ ಕಲಿತುಬಿಡುತ್ತಾರೆ. ರೀವ ಹಕ್ಕಿ, ಅಂದರೆ ಟರ್ನ್, ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿದು ತಲೆ ಕೆಳಗಾಗಿ ನೀರಿಗೆ ಧುಮುಕುತ್ತದೆ. ಗಲ್‌ಗೆ ಅಷ್ಟು ತಾಳ್ಮೆ ಇಲ್ಲ. ಮೇಲೆ ತೇಲುವುದನ್ನು ಹೆಕ್ಕುತ್ತದೆ, ಆಗದಿದ್ದರೆ ಪಕ್ಕದವರದ್ದು ಕಿತ್ತುಕೊಳ್ಳುತ್ತದೆ. ಬಕ, ಬೆಳ್ಳಕ್ಕಿಗಳು ಕತ್ತು ಮಡಚಿಕೊಂಡು ಹಾರುತ್ತವೆ, ನೀರುಕಾಗೆ ಕತ್ತು ಚಾಚಿಕೊಂಡು. ಆಸ್ಪ್ರೆ ಎಂಬ ಗಿಡುಗ ಕಾಲು ಮುಂದೆ ಮಾಡಿ ನೀರಿಗೆ ಬಿದ್ದು ಮೀನು ಹಿಡಿದರೆ, ಹಾರುತ್ತಾ ಮೀನಿನ ತಲೆಯನ್ನು ಮುಂದಕ್ಕೆ ತಿರುಗಿಸಿಕೊಳ್ಳುತ್ತದೆ. ಗಾಳಿಯ ತಡೆ ಕಡಿಮೆಯಾಗಲಿ ಅಂತ. ದೊಡ್ಡ ಗಲ್‌ಗಳ ಮರಿಗಳು ಪೂರ್ತಿ ಬಲಿತ ಬಣ್ಣಕ್ಕೆ ಬರಲು ಮೂರು-ನಾಲ್ಕು ವರ್ಷ ಹಿಡಿಯುತ್ತದೆ. ಆದ್ದರಿಂದ ಒಂದೇ ಗುಂಪಿನಲ್ಲಿ ನಾಲ್ಕು ಥರದ ಗಲ್ ಕಂಡರೆ ನಾಲ್ಕು ಜಾತಿ ಅಂತ ಬರೆದುಬಿಡಬೇಡಿ.

ಹತ್ತಿರದಲ್ಲಿ ನಿಂತ ಗಲ್‌ನ ಕೊಕ್ಕಿನ ತುದಿಯಿಂದ ಹನಿ ತೊಟ್ಟಿಕ್ಕುವುದು ಕಂಡರೆ ನೆಗಡಿ ಅಲ್ಲ. ಕಡಲ ನೀರು ಕುಡಿಯುವ ಈ ಹಕ್ಕಿಗಳಿಗೆ ಕಣ್ಣಿನ ಮೇಲೆ ಉಪ್ಪು ಸೋಸುವ ಗ್ರಂಥಿಗಳಿವೆ. ಸೋಸಿದ ಉಪ್ಪು ನೀರು ಮೂಗಿನ ತೂತಿನಿಂದ ಹೊರಬರುತ್ತದೆ.

ಅವುಗಳ ಪಾಡಿಗೆ ಬಿಡಿ

2022ರ ಅಕ್ಟೋಬರ್‌ನಲ್ಲಿ ಬಾರ್-ಟೇಲ್ಡ್ ಗಾಡ್‌ವಿಟ್ ಜಾತಿಯ ಒಂದು ಹಕ್ಕಿ ಅಮೆರಿಕದ ಅಲಾಸ್ಕಾದಿಂದ ಹೊರಟು ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ ಬಂದಿಳಿಯಿತು. ನಡುವೆ ಎಲ್ಲೂ ಇಳಿಯಲಿಲ್ಲ. 11 ದಿನ, ಸುಮಾರು 13,560 ಕಿಲೋಮೀಟರ್. ಅದರ ಬೆನ್ನಿಗೆ ಕಟ್ಟಿದ್ದ ಉಪಗ್ರಹ ಸಾಧನದಿಂದ ಇದು ಗೊತ್ತಾಯಿತು. ಆಗ ಅದರ ವಯಸ್ಸು ಐದು ತಿಂಗಳು ಮಾತ್ರ. ಇಂಥ ಪ್ರಯಾಣಕ್ಕೆ ಮೊದಲು ಗಾಡ್‌ವಿಟ್‌ಗಳು ತಿಂದು ತಿಂದು ತಮ್ಮ ತೂಕವನ್ನು ಹತ್ತಿರ ಹತ್ತಿರ ಎರಡು ಪಟ್ಟು ಮಾಡಿಕೊಳ್ಳುತ್ತವೆ. ನಾವು ಸುಮ್ನೆ ಫೋಟೋಗಾಗಿ ಹಿಂಡನ್ನು ಎಬ್ಬಿಸಿದರೆ ಪೋಲಾಗುವುದು ಆ ಕೊಬ್ಬು. ಮೇಯಲು ಸಿಗುವುದೇ ನೀರು ಇಳಿದ ಕೆಲವು ಗಂಟೆ. ಅದರಲ್ಲಿ ಹತ್ತು ಸಲ ಹಾರಿಸಿದರೆ ಏನುಳಿಯಿತು?

ಹಕ್ಕಿ ಮೇಯುವುದನ್ನು ನಿಲ್ಲಿಸಿ ತಲೆ ಎತ್ತಿ ನಿಮ್ಮನ್ನೇ ನೋಡಿದರೆ, ನೀವು ಆಗಲೇ ತೀರಾ ಹತ್ತಿರ ಬಂದಿದ್ದೀರಿ ಅಂತ ಅರ್ಥ. ನಿಲ್ಲಿ. ಮೆಲ್ಲಗೆ ಹಿಂದೆ ಸರಿಯಿರಿ. ಹಿಂಡಿನ ಕಡೆ ಓಡಿ ಎಲ್ಲವನ್ನೂ ಒಟ್ಟಿಗೆ ಹಾರಿಸುವುದು ಮಕ್ಕಳಿಗೆ ಖುಷಿ ಕೊಡುವ ಆಟ. ಇದೊಂದಕ್ಕೆ ಮಾತ್ರ ಖಡಾಖಂಡಿತವಾಗಿ ಬೇಡ ಅನ್ನಿ. ನಾಯಿ ಇದ್ದರೆ ಹಗ್ಗದಲ್ಲೇ ಇರಲಿ. ಡ್ರೋನ್ ಬೇಡ. ಮೊಬೈಲ್‌ನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಯುವುದೂ ಬೇಡ.

ಗೂಡು ಕಟ್ಟುವ ಕಾಲದಲ್ಲಿ ಇನ್ನೂ ಜಾಗ್ರತೆ. ಹಲವು ಪ್ಲೋವರ್‌ಗಳು, ಟರ್ನ್‌ಗಳು ಬಯಲು ಮರಳಿನಲ್ಲೇ ಮೊಟ್ಟೆ ಇಡುತ್ತವೆ. ಮೊಟ್ಟೆಯ ಬಣ್ಣ ಮರಳಿನದೇ. ಕಾಲಿಟ್ಟ ಮೇಲೆಯೇ ಗೊತ್ತಾಗುವುದು. ಉಬ್ಬರದ ಗೆರೆಗಿಂತ ಮೇಲಿನ ಒಣ ಮರಳಿನಲ್ಲಿ ಆಗ ಓಡಾಡಬೇಡಿ, ಒದ್ದೆ ಮರಳಿನಲ್ಲೇ ನಡೆಯಿರಿ. ಹಕ್ಕಿಯೊಂದು ರೆಕ್ಕೆ ಮುರಿದ ಹಾಗೆ ಎಳೆದಾಡುತ್ತಾ ನಿಮ್ಮ ಮುಂದೆ ಹೋದರೆ ಅದು ನಾಟಕ. ಗೂಡು ಹತ್ತಿರದಲ್ಲೇ ಇದೆ, ನಿಮ್ಮನ್ನು ಅಲ್ಲಿಂದ ದೂರ ಸೆಳೆಯುತ್ತಿದೆ. ಬಂದ ದಾರಿಯಲ್ಲೇ ಹೆಜ್ಜೆ ನೋಡಿಕೊಂಡು ವಾಪಸ್ ಹೋಗಿ. ನೀವು ಅಲ್ಲೇ ನಿಂತಿದ್ದಷ್ಟು ಹೊತ್ತೂ ಮೊಟ್ಟೆ ಬಿಸಿಲಿಗೆ ಬೇಯುತ್ತಿರುತ್ತದೆ.

ಸತ್ತ ಅಥವಾ ಕಾಯಿಲೆ ಬಿದ್ದ ಹಕ್ಕಿಯನ್ನು ಮುಟ್ಟಬೇಡಿ. ಹಕ್ಕಿಜ್ವರ ಕಡಲ ಹಕ್ಕಿಗಳಲ್ಲೂ ಹರಡಿದೆ. ಜಾಗ ಗುರುತಿಟ್ಟುಕೊಂಡು ಅರಣ್ಯ ಅಥವಾ ವನ್ಯಜೀವಿ ಇಲಾಖೆಗೆ ತಿಳಿಸಿ.

ನೀರು ಇಳಿದ ದಿನ

ವೇಳೆ ಕೂಡಿಬರದೆ ಇಳಿತದ ಹೊತ್ತಿಗೇ ಹೋಗಬೇಕಾಯಿತು ಅನ್ನಿ. ಆಗ ಹಕ್ಕಿ ಬಿಟ್ಟು ನೆಲ ನೋಡಿ. ನಾಲ್ಕೈದು ವರ್ಷದ ಮಕ್ಕಳಿಗೆ ಇದೇ ಹೆಚ್ಚು ಇಷ್ಟ.

ಉಷ್ಣವಲಯದ ಹಲವು ತೀರಗಳಲ್ಲಿ ಒದ್ದೆ ಮರಳಿನ ಮೇಲೆ ಸಾಸಿವೆಯಿಂದ ಬಟಾಣಿ ಗಾತ್ರದವರೆಗಿನ ಮರಳ ಗುಂಡುಗಳು ಹರಡಿರುತ್ತವೆ. ನಡುವೆ ಒಂದು ತೂತು, ಸುತ್ತ ಕಿರಣಗಳಂತೆ ಗುಂಡುಗಳ ಸಾಲು. ಅಲ್ಲಾಡದೆ ಕುಕ್ಕರಗಾಲಲ್ಲಿ ಕೂತರೆ ತೂತಿನಿಂದ ಪುಟ್ಟ ಏಡಿ ಹೊರಬರುತ್ತದೆ. ಮರಳನ್ನು ಬಾಯಿಗೆ ಹಾಕಿ, ಅದರಲ್ಲಿರುವ ಸೂಕ್ಷ್ಮ ಆಹಾರ ಹೀರಿ, ಉಳಿದ ಮರಳನ್ನು ಉಂಡೆ ಮಾಡಿ ಪಕ್ಕಕ್ಕಿಡುತ್ತದೆ. ಮುಂದಿನ ಉಬ್ಬರ ಎಲ್ಲವನ್ನೂ ಅಳಿಸುತ್ತದೆ, ಅದು ಮತ್ತೆ ಶುರು ಮಾಡುತ್ತದೆ. ಚಿಪ್ಪುಗಳನ್ನು ಹೆಕ್ಕಿ ನೋಡಿ. ಕೆಲವದರಲ್ಲಿ ಅಂಚು ಇಳಿಜಾರಾಗಿ ಕೊರೆದ ಒಂದು ಗುಂಡು ತೂತು ಇರುತ್ತದೆ. ದಾರ ಪೋಣಿಸಲು ಯಾರೂ ಮಾಡಿದ್ದಲ್ಲ. ಮೂನ್ ಸ್ನೇಲ್ ಎಂಬ ಕಡಲ ಬಸವನಹುಳ ಕೊರೆದು ಒಳಗಿನ ಜೀವವನ್ನು ತಿಂದ ಗುರುತು ಅದು. ನೋಡಿ ಅಲ್ಲೇ ಬಿಡಿ. ಖಾಲಿ ಶಂಖಕ್ಕೆ ಸನ್ಯಾಸಿ ಏಡಿ ಕಾಯುತ್ತಿರುತ್ತದೆ.

ಬಂಡೆ ಗುಂಡಿಯಲ್ಲಿ ಕಲ್ಲು ಎತ್ತಿದರೆ ಅದೇ ಮಗ್ಗುಲಲ್ಲಿ ಮತ್ತೆ ಇಡಿ. ಅಡಿಯಲ್ಲಿ ಅಂಟಿಕೊಂಡ ಜೀವಿಗಳು ಬಿಸಿಲಿಗೆ ಬಿದ್ದರೆ ಒಣಗಿ ಸಾಯುತ್ತವೆ. ಕೋನಿನ ಆಕಾರದ ಚಂದದ ಚಿತ್ತಾರವಿರುವ ಜೀವಂತ ಶಂಖ, ನೀಲಿ ಬಲೂನಿನ ಹಾಗೆ ದಡಕ್ಕೆ ಬಿದ್ದ ಪೋರ್ಚುಗೀಸ್ ಮ್ಯಾನ್ ಆಫ್ ವಾರ್, ಯಾವುದೇ ಜೆಲ್ಲಿ ಮೀನು ಇವನ್ನು ಮುಟ್ಟಲೇಬೇಡಿ. ಶಂಖದ್ದು ಪ್ರಾಣ ತೆಗೆಯುವಷ್ಟು ವಿಷ. ಉಳಿದವು ಸತ್ತ ಮೇಲೂ ಕುಟುಕುತ್ತವೆ.

ಇಳಿತದ ಹೊತ್ತಿಗೆ ದೂರ ನಡೆದು ಹೋದವರಿಗೆ ಅಪಾಯ ಬೆನ್ನ ಹಿಂದಿನಿಂದ ಬರುತ್ತದೆ. ನೀರು ಮುಂದಿನಿಂದಷ್ಟೇ ಏರುವುದಿಲ್ಲ. ತಗ್ಗಿನ ಕಾಲುವೆಗಳಲ್ಲಿ ಸುತ್ತಿ ಬಂದು ದಾರಿ ಮುಚ್ಚುತ್ತದೆ. ಇಳಿತದ ತುದಿಯ ಹೊತ್ತಿಗೆ ಮೊಬೈಲ್‌ನಲ್ಲಿ ಅಲಾರಂ ಇಟ್ಟು, ಅದು ಹೊಡೆದ ಕೂಡಲೇ ತಿರುಗಿ ಬನ್ನಿ. ಕಾಲು ಹೂತುಹೋಗುವ ಕೆಸರಿಗೆ ಇಳಿಯಬೇಡಿ. ಬಂಡೆಯ ಮೇಲೆ ಕಡಲಿಗೆ ಬೆನ್ನು ಮಾಡಿ ನಿಂತು ಫೋಟೋ ತೆಗೆಸಿಕೊಳ್ಳಬೇಡಿ.

ಎಣಿಸಿ, ಬರೆದು, ಸೇರಿಸಿ

ಪುಸ್ತಕದಲ್ಲಿ ದಿನಾಂಕ, ವೇಳೆ, ಜಾಗದ ಜೊತೆಗೆ ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ಅಂತಲೂ ಬರೆಯಿರಿ. ವರ್ಷ ಕಳೆದ ಮೇಲೆ ನಿಮ್ಮ ಜಾಗದ ಹಕ್ಕಿಗಳ ಲೆಕ್ಕಾಚಾರ ಅರ್ಥವಾಗುವುದು ಈ ಒಂದು ಕಲಮಿನಿಂದ.

ದೊಡ್ಡ ಹಿಂಡನ್ನು ಒಂದೊಂದಾಗಿ ಎಣಿಸಲು ಆಗುವುದಿಲ್ಲ. ಹತ್ತು ಹಕ್ಕಿ ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ನೋಡಿಕೊಳ್ಳಿ. ಅಂಥ ತುಂಡು ಹಿಂಡಿನಲ್ಲಿ ಎಷ್ಟಿವೆ ಅಂತ ಎಣಿಸಿ. ಮನೆಯವರೆಲ್ಲ ಬೇರೆ ಬೇರೆ ಎಣಿಸಿ, ಗುಟ್ಟಾಗಿ ಬರೆದು, ಆಮೇಲೆ ಹೋಲಿಸಿ. ಹೊಸಬರು ಸಾಮಾನ್ಯವಾಗಿ ಕಡಿಮೆಯೇ ಎಣಿಸುತ್ತಾರೆ.

ಮನೆಗೆ ಬಂದು ಈಬರ್ಡ್‌ನಲ್ಲಿ ಪಟ್ಟಿ ಸೇರಿಸಿ. 2002ರಲ್ಲಿ ಶುರುವಾದ ಈ ಜಾಲವನ್ನು ಅಮೆರಿಕದ ಕಾರ್ನೆಲ್ ಲ್ಯಾಬ್ ಆಫ್ ಆರ್ನಿಥಾಲಜಿ ನಡೆಸುತ್ತದೆ, ಉಚಿತ. ಗುರುತಿಸಿದ ಎಲ್ಲ ಜಾತಿಗಳನ್ನೂ ಬರೆದಿದ್ದೀರಾ ಅಂತ ಅದು ಕೊನೆಯಲ್ಲಿ ಕೇಳುತ್ತದೆ. ಅಪರೂಪದ್ದನ್ನಷ್ಟೇ ಬರೆಯದೆ ಕಾಗೆಯನ್ನೂ ಬರೆದಿದ್ದರೆ ಹೌದು ಅನ್ನಿ. ಯಾವ ಹಕ್ಕಿ ಇರಲಿಲ್ಲ ಅನ್ನುವುದೂ ಆಗ ಮಾಹಿತಿಯಾಗುತ್ತದೆ. ಅದೇ ಸಂಸ್ಥೆಯ ಮರ್ಲಿನ್ ಆ್ಯಪ್ ಫೋಟೋ ನೋಡಿ, ಕೂಗು ಕೇಳಿ ಹೆಸರು ಸೂಚಿಸುತ್ತದೆ. ಅಲೆಯ ಸದ್ದಿನಲ್ಲಿ ಅದೂ ತಪ್ಪುತ್ತದೆ, ಅದು ಹೇಳಿದ್ದನ್ನು ಹಾಗೇ ನಂಬಬೇಡಿ. ಏಡಿ, ಚಿಪ್ಪು, ಗಿಡಗಳ ಫೋಟೋಗೆ ಐನ್ಯಾಚುರಲಿಸ್ಟ್ ಎಂಬ ಇನ್ನೊಂದು ಜಾಲ ಇದೆ.

ಒಟ್ಟಿಗೆ ಎಣಿಸುವ ಖುಷಿ ಬೇಕಿದ್ದರೆ 1998ರಿಂದ ನಡೆಯುತ್ತಿರುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಇರುತ್ತದೆ. ಒಂದು ಸಲಕ್ಕೆ 15 ನಿಮಿಷ ನೋಡಿದರೂ ಸಾಕು. ಮೇ ಮತ್ತು ಅಕ್ಟೋಬರ್‌ನ ಎರಡನೇ ಶನಿವಾರ ವಿಶ್ವ ವಲಸೆ ಹಕ್ಕಿ ದಿನ.

ಕೊನೆಗೊಂದು. ಗೊರವಗಳ ಕಾಲಿನ ಮೇಲೆ ಯಾವಾಗಲೂ ಒಂದು ಕಣ್ಣಿಡಿ. ಕೆಲವದರ ಕಾಲಿಗೆ ಬಣ್ಣದ ಪುಟ್ಟ ಬಾವುಟ, ಉಂಗುರ ಹಾಕಿರುತ್ತಾರೆ. ಹಕ್ಕಿಯ ಎಡಗಾಲೋ ಬಲಗಾಲೋ, ಮೊಣಕಾಲಿನ ಹಾಗೆ ಕಾಣುವ ಗಂಟಿನ ಮೇಲೋ ಕೆಳಗೋ, ಯಾವ ಬಣ್ಣ, ಯಾವ ಅಕ್ಷರ, ಎಲ್ಲವನ್ನೂ ಬರೆದುಕೊಳ್ಳಿ. ಬೈನಾಕ್ಯುಲರ್‌ಗೆ ಮೊಬೈಲ್ ಕ್ಯಾಮೆರಾ ಹಿಡಿದು ತೆಗೆದ ಮಸುಕು ಫೋಟೋ ಆದರೂ ಪರವಾಗಿಲ್ಲ, ಎರಡೂ ಕಾಲು ಕಾಣಲಿ. ನಿಮ್ಮ ದೇಶದ ಹಕ್ಕಿ ಉಂಗುರ ಯೋಜನೆಗೆ ಕಳಿಸಿದರೆ, ಆ ಹಕ್ಕಿಗೆ ಎಲ್ಲಿ, ಯಾವಾಗ ಉಂಗುರ ಹಾಕಿದ್ದರು ಅಂತ ಸಾಮಾನ್ಯವಾಗಿ ಉತ್ತರ ಬರುತ್ತದೆ. ಆ ಕಾಗದ ಬಂದ ದಿನ ಭೂಪಟ ತೆಗೆದು ಮಕ್ಕಳ ಕೈಯಲ್ಲೇ ಗೆರೆ ಎಳೆಸಿ.